ಶೇಕಡಾ 60 ಇದ್ದದ್ದು 77 ಆಯಿತು: ಬ್ಯಾಡಗಿ ತಾಲ್ಲೂಕಿನ ಒಂದು ಮಗುವಿನ ಮಾಸಾಶನದ ಪ್ರಕರಣ

ಅಂಗವೈಕಲ್ಯ ಇರುವ ಮಗುವಿನ ತಂದೆ-ತಾಯಿ ಸಹಾಯ ಕೇಳಿಕೊಂಡು ಬಂದಾಗ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಯಾವ ಸ್ಕೀಮಿನ್ಯಾಗ ಎಷ್ಟು ರೊಕ್ಕ ಬರ್ತದ್ರೀ?" ನಾನು ಮಾತ್ರ ಮೊದಲು ಸರ್ಟಿಫಿಕೇಟ್ ತೋರಿಸಿ ಅನ್ನುತ್ತೇನೆ. ಮಗುವಿಗೆ ಯಾವ ತೊಂದರೆ ಅಂತ ಅದರಲ್ಲಿ ಬರೆದಿದ್ದಾರೆ, ಶೇಕಡಾ ಎಷ್ಟು, ಯಾವ ತಾರೀಖಿನವರೆಗೆ ನಡೆಯುತ್ತದೆ, ಇಷ್ಟನ್ನು ನೋಡಿದರೆ ಆ ಮನೆಗೆ ಏನು ಬರುತ್ತಿದೆ, ಏನು ತಪ್ಪಿದೆ ಅಂತ ಬಹುಪಾಲು ಗೊತ್ತಾಗುತ್ತದೆ. ಇಲ್ಲಿ ಬರೆಯುತ್ತಿರುವ ಮನೆಯಲ್ಲಿ ಈ ಮೂರೂ ಕಡೆ ಕೊರತೆ ಇತ್ತು. ಮನೆಯವರ ಹೆಸರು, ಊರಿನ ಹೆಸರು ಬರೆದಿಲ್ಲ.

ಹುಡುಗನಿಗೆ ಈಗ ಹತ್ತು ವರ್ಷ. ಅಪ್ಪ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ. ಅವ್ವ ಸೀಸನ್ನಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಹುಡುಗ ದೊಡ್ಡವನಾಗುತ್ತಾ ಬಂದ ಹಾಗೆ ಅವನನ್ನು ಎತ್ತಲು ಅಜ್ಜಿಯಿಂದ ಆಗಲಿಲ್ಲ, ಅವ್ವ ಕೆಲಸ ಬಿಟ್ಟರು. ಹೆರಿಗೆಯ ಹೊತ್ತಿನಲ್ಲಿ ಮಗು ತಡವಾಗಿ ಅತ್ತಿತ್ತು. ಒಂದೂವರೆ ವರ್ಷವಾದರೂ ಕೂರಲಿಲ್ಲ. ಕೆಲ ಮಕ್ಕಳು ತಡ ಮಾಡ್ತಾವ ಅಂತ ಹಿರಿಯರು ಸಮಾಧಾನ ಹೇಳಿದರು. ಮೂರು ವರ್ಷದವನಿದ್ದಾಗ ಅಂಗನವಾಡಿಗೆ ತಪಾಸಣೆಗೆ ಬಂದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದ ವೈದ್ಯರು ಇದು ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆ, ಇರಬಹುದು ಅಂತ ಹೇಳಿ ಜಿಲ್ಲಾ ಮಟ್ಟಕ್ಕೆ ಕಳಿಸಿದರು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಯಲ್ಲಿ, ಶಾಲೆಯಲ್ಲಿ ನೋಡುವ ಈ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಆ ವ್ಯಾನ್ ಅಂಗನವಾಡಿಗೆ ಬರದೇ ಹೋಗಿದ್ದರೆ ಈ ಮಗುವಿನ ಕಾಯಿಲೆಗೆ ಹೆಸರೇ ಸಿಗುತ್ತಿರಲಿಲ್ಲವೇನೋ.

2019ರಲ್ಲಿ ಒಂದು ಆಸ್ಪತ್ರೆಯಲ್ಲಿ ಅಂಗವಿಕಲ ಪ್ರಮಾಣ ಪತ್ರ ಸಿಕ್ಕಿತು. ಮೂಳೆ ವೈದ್ಯರು ಕಾಲು ನೋಡಿದರು. ಪತ್ರದಲ್ಲಿ "ಚಲನ ವೈಕಲ್ಯ, ಶೇ. 60, ತಾತ್ಕಾಲಿಕ, ಐದು ವರ್ಷ" ಅಂತ ಬರೆದರು. ಸೆರೆಬ್ರಲ್ ಪಾಲ್ಸಿ ಅನ್ನುವ ಮಾತು ಆ ಪತ್ರದಲ್ಲಿ ಎಲ್ಲೂ ಇರಲಿಲ್ಲ. ಮಗುವಿನ ಬುದ್ಧಿ ಬೆಳವಣಿಗೆ ಹೇಗಿದೆ ಅಂತ ಯಾರೂ ನೋಡಲಿಲ್ಲ, ನೋಡಿಸಬೇಕು ಅಂತ ಮನೆಯವರಿಗೂ ಗೊತ್ತಿರಲಿಲ್ಲ. ಅದರ ಮೇಲೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರು, ಮಾಸಾಶನ ಶುರುವಾಯಿತು. ಮೊದಲು ತಿಂಗಳಿಗೆ 600 ರೂಪಾಯಿ. 2021ರಲ್ಲಿ ಸರ್ಕಾರ ಹೆಚ್ಚಿಸಿದ ಮೇಲೆ 800. ಊರಲ್ಲಿ ಎಲ್ಲರೂ ಅದನ್ನು ಪಗಾರ ಅನ್ನುತ್ತಾರೆ.

"ಎಂಟ್ನೂರ ಬರ್ತಾವ್ರೀ ಸರ್, ಅಷ್ಟರ ಬರ್ತಾವಲ್ಲಾ ಅಂತ ಸುಮ್ನ ಇದ್ವಿ" ಅಂದರು ತಾಯಿ.

2024ರಲ್ಲಿ ಆ ಎಂಟುನೂರೂ ನಿಂತಿತು.

ನಿಂತದ್ದು ಯಾಕೆ

ಬ್ಯಾಂಕಿನವರು ನಮ್ಮಲ್ಲಿ ತೊಂದರೆ ಇಲ್ಲ ಅಂದರು. ಗ್ರಾಮ ಒನ್‌ನಲ್ಲಿ ಆಧಾರ್ ಜೋಡಣೆ ನೋಡಿ ಅಂದರು. ಪಕ್ಕದ ಮನೆಯವರು ಗೃಹಲಕ್ಷ್ಮಿ ಬರ್ತದಲ್ಲಾ, ಅದಕ್ಕೇ ಇದನ್ನ ಕಡಿತ ಮಾಡ್ಯಾರ ಅಂದರು. ಈ ಕೊನೆಯ ಮಾತು ನಮ್ಮ ಕಡೆ ತುಂಬಾ ಓಡಾಡುತ್ತದೆ, ಅದಕ್ಕೆ ಹೇಳಿಬಿಡುತ್ತೇನೆ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಗೆ ಬರುವ ಹಣ. ಮಗುವಿನ ಮಾಸಾಶನ ಮಗುವಿನ ಹೆಸರಿನದು. ಒಂದು ಬಂದರೆ ಇನ್ನೊಂದು ತಪ್ಪುವುದಿಲ್ಲ.

ನಿಜವಾದ ಕಾರಣ ಪತ್ರದ ಕೆಳಗಿನ ಸಾಲಿನಲ್ಲೇ ಇತ್ತು. ಐದು ವರ್ಷ ಮುಗಿದಿತ್ತು. ಪತ್ರದ ಅವಧಿ ಮುಗಿದರೆ ಮಾಸಾಶನಕ್ಕೆ ಆಧಾರವೇ ಇಲ್ಲ. ಇದನ್ನು ಮೊದಲು ಕಂಡು ಹಿಡಿದವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ನಮ್ಮ ರಾಜ್ಯದಲ್ಲಿ ಪಂಚಾಯಿತಿಗೊಬ್ಬರು ವಿಆರ್‌ಡಬ್ಲ್ಯೂ, ತಾಲ್ಲೂಕಿಗೊಬ್ಬರು ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ. ಇವರೂ ಬಹಳಷ್ಟು ಜನ ಸ್ವತಃ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಕಚೇರಿಯ ಮೆಟ್ಟಿಲು ಹತ್ತುವ ಮೊದಲು ಪಂಚಾಯಿತಿಗೆ ಹೋಗಿ ಇವರನ್ನು ಕೇಳುವುದು ಒಳ್ಳೆಯದು. ನನ್ನನ್ನು ಈ ಮನೆಗೆ ಕರೆದುಕೊಂಡು ಹೋದವರೂ ಅವರೇ.

ಹಳೆಯ ಪತ್ರವನ್ನು ಸುಮ್ಮನೆ ನವೀಕರಣ ಮಾಡಿಸಿಕೊಂಡರೆ ಮತ್ತೆ 800 ರೂಪಾಯಿ ಶುರುವಾಗುತ್ತಿತ್ತು. ಮನೆಯವರಿಗೆ ಬೇಕಾದದ್ದೂ ಅಷ್ಟೇ. ಆದರೆ ಹುಡುಗನ ಜೊತೆ ಸ್ವಲ್ಪ ಹೊತ್ತು ಕೂತರೆ ಸಾಕು, ತೊಂದರೆ ಕಾಲಿನದು ಮಾತ್ರ ಅಲ್ಲ ಅಂತ ತಿಳಿಯುತ್ತದೆ. ನಗುತ್ತಾನೆ, ಗುರುತು ಹಿಡಿಯುತ್ತಾನೆ, ಬೇಕಾದ್ದನ್ನು ಕೇಳುತ್ತಾನೆ. ಆದರೆ ಮಾತು ನಾಲ್ಕೈದು ವರ್ಷದ ಮಗುವಿನ ಹಾಗೆ. ಹಾಗಾಗಿ ಈ ಸಲ ಮಗುವನ್ನು ಪೂರ್ತಿ ಪರೀಕ್ಷೆ ಮಾಡಿಸೋಣ ಅಂತ ತೀರ್ಮಾನವಾಯಿತು.

ಮೊದಲ ಅಡ್ಡಿ ಆಧಾರ್

ಹೊಸ ಪ್ರಮಾಣ ಪತ್ರಕ್ಕೂ ಯುಡಿಐಡಿ ಕಾರ್ಡಿಗೂ (ಅಂಗವಿಕಲರ ರಾಷ್ಟ್ರೀಯ ಗುರುತಿನ ಚೀಟಿ) ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಆಧಾರ್ ಬೇಕು. ಹುಡುಗನ ಆಧಾರ್ ಎಳೆಮಗುವಿದ್ದಾಗ ಮಾಡಿಸಿದ್ದು. ಐದು ವರ್ಷ ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ಹೊಸದು ಮಾಡಿಸಬೇಕು, ಹದಿನೈದಕ್ಕೆ ಇನ್ನೊಮ್ಮೆ. ಇವನಿಗೆ ಐದು ತುಂಬಿದ್ದು 2020ರಲ್ಲಿ, ಕೊರೋನಾ ಕಾಲದಲ್ಲಿ. ಆಮೇಲೆ ಮರೆತೇ ಹೋಯಿತು.

ಈಗ ಮಾಡಿಸಲು ಹೋದರೆ ಹುಡುಗನ ಮುಷ್ಟಿ ಬಿಗಿ. ಬೆರಳು ಬಿಡಿಸಿ ಯಂತ್ರದ ಮೇಲಿಟ್ಟರೆ ಮತ್ತೆ ಮಡಚಿಕೊಳ್ಳುತ್ತಿತ್ತು. ಒಂದು ಕೇಂದ್ರದಲ್ಲಿ ಆಗಲ್ಲ ಅಂತ ವಾಪಸ್ ಕಳಿಸಿದರು. ಇನ್ನೊಂದು ಕೇಂದ್ರದ ಆಪರೇಟರ್ ಹುಡುಗಿ ತಾಳ್ಮೆಯಿಂದ ಮಾಡಿದಳು. ಸಿಕ್ಕ ಬೆರಳುಗಳನ್ನು ತೆಗೆದುಕೊಂಡು, ಸಿಗದವನ್ನು ವಿನಾಯಿತಿ ಅಂತ ದಾಖಲಿಸಿ, ಕಣ್ಣಿನ ಗುರುತು ತೆಗೆದಳು. ಈ ವಿನಾಯಿತಿ ಆಧಾರ್ ವ್ಯವಸ್ಥೆಯಲ್ಲೇ ಇದೆ. ಬೆರಳು ಬರಲಿಲ್ಲ ಅಂತ ಮಗುವನ್ನು ವಾಪಸ್ ಕಳಿಸುವುದು ನಿಯಮ ಅಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಪೋಷಕರು ಇದನ್ನು ಗಟ್ಟಿಯಾಗಿ ಹೇಳಬೇಕು.

ಅಪ್ಪನ ಹೆಸರಿನ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇತ್ತು. ಅದನ್ನೂ ಆಗಲೇ ಸರಿ ಮಾಡಿಸಿದರು.

ಪರೀಕ್ಷೆ

ಬುದ್ಧಿ ಬೆಳವಣಿಗೆಯ ಪರೀಕ್ಷೆಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದರು. ತಾಯಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಅದರಿಂದ ತುಂಬಾ ಅನುಕೂಲವಾಯಿತು.

ಅಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಪರೀಕ್ಷೆಯಲ್ಲಿ ಮಗುವಿಗೆ ಪ್ರಶ್ನೆ ಕೇಳುವುದರ ಜೊತೆಗೆ ತಾಯಿಯನ್ನೂ ಕೇಳುತ್ತಾರೆ. ತಾನೇ ಊಟ ಮಾಡುತ್ತಾನಾ, ಅಂಗಿ ಹಾಕಿಕೊಳ್ಳುತ್ತಾನಾ, ಸಂಡಾಸಿಗೆ ಹೋಗಬೇಕು ಅಂತ ಹೇಳುತ್ತಾನಾ, ದುಡ್ಡು ಗೊತ್ತಾ, ಒಬ್ಬನೇ ಅಂಗಡಿಗೆ ಕಳಿಸಬಹುದಾ. ವೈನ್‌ಲ್ಯಾಂಡ್ ಮಾಪಕ ಅನ್ನುತ್ತಾರೆ. ದಿನದ ಬದುಕಿನಲ್ಲಿ ಮಗು ಎಷ್ಟು ಸ್ವತಂತ್ರ ಅನ್ನುವುದರ ಅಳತೆ ಅದು.

ಊಟ ತಾನೇ ಮಾಡ್ತಾನಾ ಅಂತ ಕೇಳಿದ ಕೂಡಲೇ ತಾಯಿ "ಹೂಂನ್ರೀ, ಮಾಡ್ತಾನ" ಅಂದರು. ಮನೆಯಲ್ಲಿ ನಾನು ನೋಡಿದ್ದು ಬೇರೆ. ಅನ್ನ ಕಲಸಿ, ತುತ್ತು ಮಾಡಿ, ಅವನ ಕೈಯಲ್ಲಿಟ್ಟು, ಮೊಣಕೈ ಹಿಡಿದು ಬಾಯಿವರೆಗೆ ತರುವವರು ಅವರೇ. ತಾಯಿ ಸುಳ್ಳು ಹೇಳಲಿಲ್ಲ. ಮಗನ ಬಗ್ಗೆ ಆಗಲ್ಲ, ಬರಲ್ಲ ಅಂತ ಪರರ ಮುಂದೆ ಹೇಳಲು ಯಾವ ತಾಯಿಗೂ ನಾಲಿಗೆ ಏಳುವುದಿಲ್ಲ. ಮನೆಯಲ್ಲಿ ದಿನವೂ ಮಾಡುವ ಸಹಾಯ ಸಹಾಯ ಅಂತ ಅನ್ನಿಸುವುದೂ ಇಲ್ಲ. ಆ ಮನಶ್ಶಾಸ್ತ್ರಜ್ಞೆ ಅನುಭವಸ್ಥರು. "ಅಕ್ಕಾ, ನೀವು ಊರಾಗ ಇಲ್ಲದ ದಿನ ಅವನ ಊಟ ಹೆಂಗ?" ಅಂತ ತಿರುಗಿಸಿ ಕೇಳಿದರು. ಆಗ ತಾಯಿ ಒಂದೊಂದೇ ಹೇಳುತ್ತಾ ಹೋದರು. ಹೇಳುತ್ತಾ ಅತ್ತರು.

ಎಲ್ಲಾ ಪೋಷಕರಿಗೂ ನಾನು ಇದನ್ನೇ ಹೇಳುತ್ತೇನೆ. ಮಗು ಚೆನ್ನಾಗಿದ್ದ ಒಂದು ದಿನ ಏನು ಮಾಡಿತು ಅಂತ ಹೇಳಬೇಡಿ. ದಿನಾ ಏನು ಮಾಡುತ್ತದೆ, ನೀವು ಎಲ್ಲಿ ಕೈ ಹಾಕುತ್ತೀರಿ, ಅದನ್ನು ಹೇಳಿ. ಹೆಚ್ಚು ಮಾಡಿ ಹೇಳುವುದು ಬೇಡ, ಮುಚ್ಚಿ ಹೇಳುವುದೂ ಬೇಡ.

ಬಂದ ಅಂಕ 55ರಿಂದ 69ರ ನಡುವೆ ಇತ್ತು. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಇದು ಅಲ್ಪ ಪ್ರಮಾಣದ ಬೌದ್ಧಿಕ ವೈಕಲ್ಯ, ಶೇ. 50. ಇದಕ್ಕಿಂತ ಕೆಳಗೆ 36ರಿಂದ 54 ಬಂದರೆ ಶೇ. 75, 21ರಿಂದ 35 ಬಂದರೆ ಶೇ. 90, ಅದಕ್ಕೂ ಕೆಳಗೆ ಶೇ. 100. ಕೈಕಾಲಿನ ವೈಕಲ್ಯವನ್ನು ಮತ್ತೆ ನೋಡಿದಾಗ ಮೊದಲಿನಷ್ಟೇ ಬಂತು, ಶೇ. 60.

60 ಮತ್ತು 50 ಕೂಡಿದರೆ 110 ಆಗುತ್ತದೆ, ಹಾಗೆ ಕೂಡುವುದಿಲ್ಲ. ಅದಕ್ಕೊಂದು ಸೂತ್ರ ಇದೆ. ಎರಡರಲ್ಲಿ ಹೆಚ್ಚಿನದು 60. ಅದನ್ನು 90ರಲ್ಲಿ ಕಳೆದರೆ 30. ಈ 30ನ್ನು ಕಡಿಮೆ ಇರುವ ಸಂಖ್ಯೆಯಿಂದ, ಅಂದರೆ 50ರಿಂದ ಗುಣಿಸಿದರೆ 1,500. ಅದನ್ನು 90ರಿಂದ ಭಾಗಿಸಿದರೆ 16.67. ಇದನ್ನು 60ಕ್ಕೆ ಸೇರಿಸಿದರೆ 76.67. ಪತ್ರದಲ್ಲಿ ಬಂದದ್ದು ಶೇ. 77.

ಕರ್ನಾಟಕದಲ್ಲಿ ಶೇ. 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ಹುಡುಗ ಅವನೇ, ಅವನ ಕೈಕಾಲು ಅವೇ. ಮೊದಲ ಸಲ ಅವನ ಅರ್ಧ ಮಾತ್ರ ನೋಡಿದ್ದರಿಂದ ಇಷ್ಟು ವರ್ಷ ಕಡಿಮೆ ಬಂತು. ಆಗ ನಾಲ್ಕು ವರ್ಷದ ಮಗು, ಅಂಥ ಪರೀಕ್ಷೆ ಆ ವಯಸ್ಸಿಗೆ ಹೇಗೆ ಅಂತ ಯಾರಾದರೂ ಕೇಳಬಹುದು. ಅದೇ ಮಾರ್ಗಸೂಚಿ ಒಂದು ವರ್ಷ ತುಂಬಿದ ಮಗುವಿಗೂ ಬೆಳವಣಿಗೆ ಕುಂಠಿತ ಅಂತ ಪತ್ರ ಕೊಡಲು ಅವಕಾಶ ಕೊಟ್ಟಿದೆ. 5, 10, 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಮಾಡಬೇಕು ಅನ್ನುವುದಷ್ಟೇ ಅದರ ಷರತ್ತು.

ಪತ್ರದಲ್ಲಿ "ಸೆರೆಬ್ರಲ್ ಪಾಲ್ಸಿ" ಅಂತ ಬರೆದದ್ದರಿಂದ

ಶೇಕಡಾ ಏರಿದ್ದಕ್ಕಿಂತ ಇದು ದೊಡ್ಡ ಲಾಭ ಅಂತ ನನಗೆ ಅನ್ನಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಅದರಲ್ಲಿ ಸೆರೆಬ್ರಲ್ ಪಾಲ್ಸಿಗೆ ತನ್ನದೇ ಹೆಸರಿದೆ. ಬರೀ "ಚಲನ ವೈಕಲ್ಯ" ಅಂತ ಬರೆದರೆ ಪೋಲಿಯೋ ಆದವರಿಗೂ, ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೂ, ಈ ಹುಡುಗನಿಗೂ ಕಾಗದದ ಮೇಲೆ ವ್ಯತ್ಯಾಸವೇ ಇರುವುದಿಲ್ಲ.

ನಮ್ಮ ರಾಜ್ಯ 2024-25ರ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಹಳೆಯ ಪತ್ರ ಹಿಡಿದುಕೊಂಡು ಹೋಗಿದ್ದರೆ ಈ ತಾಯಿಯ ಅರ್ಜಿ ತಿರಸ್ಕಾರವಾಗುತ್ತಿತ್ತು. ಹೊಸ ಪತ್ರದ ಮೇಲೆ ಅರ್ಜಿ ಕೊಟ್ಟರು, ಮಂಜೂರಾಯಿತು. ಮಗನನ್ನು ನೋಡಿಕೊಳ್ಳಲು ಕೂಲಿ ಬಿಟ್ಟ ಹೆಣ್ಣುಮಗಳ ದುಡಿಮೆಯನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡಿತಲ್ಲ, ಮೊತ್ತ ಸಣ್ಣದಿದ್ದರೂ ಅದು ಸರಿಯಾದ ಹೆಜ್ಜೆ.

ಇನ್ನೊಂದು ನಿರಾಮಯ ವಿಮೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ಮಾತ್ರ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಬಿಪಿಎಲ್ ಮನೆಯವರು ಮೊದಲ ಸಲ 250 ರೂಪಾಯಿ, ಆಮೇಲೆ ನವೀಕರಣಕ್ಕೆ 50 ರೂಪಾಯಿ ಕಟ್ಟಬೇಕು. ಬಿಪಿಎಲ್ ಅಲ್ಲದವರಿಗೆ 500 ಮತ್ತು 250. ವಯಸ್ಸಿನ ಮಿತಿ ಇಲ್ಲ, ಮೊದಲೇ ಕಾಯಿಲೆ ಇತ್ತು ಅಂತ ತೆಗೆದುಹಾಕುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಆಸ್ಪತ್ರೆಗೆ ದಾಖಲಾಗದೇ ಮಾಡಿಸುವ ಫಿಸಿಯೋಥೆರಪಿ, ಮಾತಿನ ಥೆರಪಿ, ಔಷಧಿಯ ಖರ್ಚೂ ಮಿತಿಯೊಳಗೆ ಸಿಗುತ್ತದೆ. ಈ ಮಕ್ಕಳ ಖರ್ಚು ಇರುವುದೇ ಅಲ್ಲಿ ಅಲ್ವಾ? ಕಾಲು ಬಿಗಿಯಾಗದಂತೆ ವಾರವಾರವೂ ವ್ಯಾಯಾಮ ಬೇಕು. ಟ್ರಸ್ಟ್‌ನಲ್ಲಿ ನೋಂದಣಿಯಾದ ಒಂದು ಸಂಸ್ಥೆಯ ಮೂಲಕ ಇವರ ಅರ್ಜಿ ಹೋಯಿತು. ವಿಮೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ನವೀಕರಣ ಮರೆತರೆ ಕೈತಪ್ಪುತ್ತದೆ, ಹಾಗಾಗಿ ಯುಗಾದಿಗೆ ಮೊದಲು 50 ರೂಪಾಯಿ ಕಟ್ಟಬೇಕು ಅಂತ ಅಜ್ಜಿಗೂ ಹೇಳಿಟ್ಟಿದ್ದೇವೆ.

ಗಾಲಿಕುರ್ಚಿ, ಸಿಪಿ ಚೇರ್ (ಸೆರೆಬ್ರಲ್ ಪಾಲ್ಸಿ ಮಕ್ಕಳ ಕುರ್ಚಿ) ಥರದ ಸಾಧನಗಳಿಗೆ ಕೇಂದ್ರದ ಎಡಿಪ್ ಯೋಜನೆ ಇದೆ. ಮನೆಯ ತಿಂಗಳ ಆದಾಯ 22,500 ರೂಪಾಯಿ ಒಳಗಿದ್ದರೆ ಪೂರ್ತಿ ಉಚಿತ. ದೊಡ್ಡವರಿಗೆ ಮೂರು ವರ್ಷಕ್ಕೊಮ್ಮೆ, 12 ವರ್ಷದ ಒಳಗಿನ ಮಕ್ಕಳಿಗೆ ವರ್ಷಕ್ಕೊಮ್ಮೆ, ಯಾಕೆಂದರೆ ಮಗು ಬೆಳೆಯುತ್ತದೆ. ಈ ಸಾಧನ ತಯಾರಿಸುವ ಕೇಂದ್ರದ ಸಂಸ್ಥೆ ಅಲಿಮ್ಕೋದ ಶಿಬಿರದಲ್ಲಿ ಹುಡುಗನ ಅಳತೆ ತೆಗೆದುಕೊಂಡಿದ್ದಾರೆ. ಬಸ್ ಪಾಸ್ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ. ರೈಲಿನಲ್ಲಿ ಸ್ಲೀಪರ್ ದರ್ಜೆಯಲ್ಲಿ ಶೇ. 75 ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಅದಕ್ಕೆ ರೈಲ್ವೆಯ ಪ್ರತ್ಯೇಕ ಕಾರ್ಡ್ ಬೇಕು, ಇನ್ನೂ ಮಾಡಿಸಿಲ್ಲ.

ಶಾಲೆಯ ವಿಷಯ ಬೇರೆಯೇ ಇತ್ತು. ಊರಿನ ಕನ್ನಡ ಸಾಲಿಯಲ್ಲಿ ಹುಡುಗನ ಹೆಸರು ಇರಲಿಲ್ಲ. ನಡೆಯದ ಹುಡುಗನನ್ನು ಸೇರಿಸಿ ಏನು ಮಾಡೋದು ಅಂತ ಮನೆಯವರೇ ಬಿಟ್ಟಿದ್ದರು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ತೀವ್ರ ವೈಕಲ್ಯ, ಬಹುವೈಕಲ್ಯ ಇದ್ದರೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನೂ 2012ರ ತಿದ್ದುಪಡಿ ಕೊಟ್ಟಿದೆ. ಈಗ ಹೆಸರು ಸೇರಿದೆ. ತಾಲ್ಲೂಕಿನ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ ಶಿಕ್ಷಕರು, ಮನೆಗೆ ಬರುತ್ತಾರೆ, ಬಣ್ಣ, ಎಣಿಕೆ ಕಲಿಸುತ್ತಿದ್ದಾರೆ. ಹೆಸರು ಸೇರಿದ ಮೇಲೆಯೇ ಸಮಗ್ರ ಶಿಕ್ಷಣದಡಿ ಸಿಗುವ ಭತ್ಯೆಗಳಿಗೂ ವಿದ್ಯಾರ್ಥಿವೇತನಕ್ಕೂ ಅರ್ಜಿ ಕೊಡಲು ಸಾಧ್ಯವಾಯಿತು. ಇದೊಂದು ಐದು ವರ್ಷ ಮೊದಲೇ ಆಗಬೇಕಿತ್ತು. ಆ ಐದು ವರ್ಷದ ಕಲಿಕೆಯನ್ನು ಯಾವ ಅರ್ಜಿಯೂ ವಾಪಸ್ ಕೊಡುವುದಿಲ್ಲ.

32,000 ಅನ್ನುವ ಗೋಡೆ

ಮಾಸಾಶನಕ್ಕೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು. ತಿಂಗಳಿಗೆ 2,700ಕ್ಕಿಂತ ಕಡಿಮೆ. ಇವರ ಆದಾಯ ಪತ್ರದ ಐದು ವರ್ಷವೂ ಮುಗಿದಿತ್ತು, ಹೊಸದು ಬೇಕಾಯಿತು. ಹಮಾಲಿ ಕೆಲಸ ವರ್ಷಪೂರ್ತಿ ಒಂದೇ ಸಮ ಇರುವುದಿಲ್ಲ ಅನ್ನುವುದನ್ನು ಗ್ರಾಮ ಆಡಳಿತಾಧಿಕಾರಿ ಮಹಜರಿನಲ್ಲಿ ಬರೆದರು, ಪತ್ರ ಮಿತಿಯೊಳಗೆ ಬಂತು.

ಆದರೆ ಈ ಮಿತಿಯೇ ಅನ್ಯಾಯ ಅಂತ ನಾನು ಹೇಳುತ್ತೇನೆ. ಉದ್ಯೋಗ ಖಾತ್ರಿಯ ಲೆಕ್ಕವನ್ನೇ ತೆಗೆದುಕೊಳ್ಳಿ. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಒಬ್ಬರೇ ನೂರು ದಿನ ದುಡಿದರೆ 37,000. ಸರ್ಕಾರವೇ ಕೊಡುವ ಕೂಲಿಯನ್ನು ಪೂರ್ತಿ ಪಡೆದ ಬಡವ ಸರ್ಕಾರದ್ದೇ ಇನ್ನೊಂದು ಯೋಜನೆಗೆ ಶ್ರೀಮಂತನಾಗಿಬಿಡುತ್ತಾನೆ. ಎತ್ತಿ ಆಡಿಸಬೇಕಾದ ಮಗು ಇರುವ ಮನೆಯಲ್ಲಿ ಖರ್ಚು ಬೇರೆಯವರಿಗಿಂತ ಜಾಸ್ತಿ, ದುಡಿಯುವ ಕೈ ಒಂದು ಕಡಿಮೆ. ಅಂಥ ಮನೆಗಳಿಗೆ ಈ ಮಿತಿ ತೆಗೆಯಬೇಕು.

ಇನ್ನೊಂದು ಮಾತು. 2016ರ ಕಾಯ್ದೆಯ 24ನೇ ಕಲಂ, ಬೇರೆಯವರಿಗೆ ಕೊಡುವ ಅದೇ ಥರದ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ. 25 ಹೆಚ್ಚು ಕೊಡಬೇಕು ಅನ್ನುತ್ತದೆ. ನಮ್ಮಲ್ಲಿ ವಿಧವಾ ವೇತನ 800, ಸಂಧ್ಯಾ ಸುರಕ್ಷಾ 1,200. ಶೇ. 40ರಿಂದ 75 ವೈಕಲ್ಯ ಇರುವವರಿಗೆ 800. ಇಲ್ಲಿ ಹೆಚ್ಚು ಎಲ್ಲಿದೆ? ಕೇಂದ್ರದ ಅಂಗವಿಕಲ ಪಿಂಚಣಿ 18 ವರ್ಷ ತುಂಬಿದವರಿಗೆ, ಅದೂ ಶೇ. 80 ದಾಟಿದವರಿಗೆ ಮಾತ್ರ. ಮಕ್ಕಳಿಗೆ ಬರುವ ಹಣ ಪೂರ್ತಿ ರಾಜ್ಯದ್ದು, ಹಾಗಾಗಿ ಹೆಚ್ಚಿಸುವ ಹೊಣೆಯೂ ರಾಜ್ಯದ್ದೇ.

ಈಗಿನ ಸ್ಥಿತಿ

ತಿಂಗಳಿಗೆ 1,400 ಮಗುವಿನ ಖಾತೆಗೆ ಬರುತ್ತದೆ, 1,000 ತಾಯಿಯ ಖಾತೆಗೆ. ಸೊನ್ನೆಯಿಂದ 2,400ಕ್ಕೆ ಬಂದಿದೆ. ತಾಯಿ ಕೂಲಿ ಬಿಟ್ಟು ಕಳೆದುಕೊಂಡದ್ದಕ್ಕೆ ಇದು ಸಮ ಅಲ್ಲ. ಆದರೆ ಫಿಸಿಯೋಥೆರಪಿ ನಿಲ್ಲದೆ ನಡೆಯುತ್ತಿದೆ.

ಮಾಸಾಶನ ನಿಂತಿದ್ದ ತಿಂಗಳುಗಳ ಬಾಕಿ ಕೇಳಿ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದಾರೆ. ಉತ್ತರ ಬಂದಿಲ್ಲ. ಬಾರದಿದ್ದರೆ ಮುಂದಿನ ಅರ್ಜಿ ರಾಜ್ಯ ಅಂಗವಿಕಲರ ಆಯುಕ್ತರಿಗೆ, ಅದರ ಕರಡು ತಯಾರಿದೆ. ಹುಡುಗನಿಗೆ ಹದಿನೈದಾದಾಗ ಆಧಾರ್ ಮತ್ತೆ ಮಾಡಿಸಬೇಕು. ಹದಿನೆಂಟಾದಾಗ ಮರುಪರೀಕ್ಷೆ, ಬೇಕಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪಾಲಕತ್ವದ ಆದೇಶ. ಈ ತಾರೀಖುಗಳನ್ನೆಲ್ಲ ವಿಆರ್‌ಡಬ್ಲ್ಯೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಅದೇ ಪಂಚಾಯಿತಿಯ ಉಳಿದ ಮಕ್ಕಳ ಸರ್ಟಿಫಿಕೇಟ್‌ಗಳನ್ನೂ ಈಗ ತೆಗೆಸಿ, ಅವಧಿ ಯಾವಾಗ ಮುಗಿಯುತ್ತದೆ ಅಂತ ನೋಡುತ್ತಿದ್ದಾರೆ.